ರಾಹೇಲಳ ಹಾಲು ವಾಪಸ್ ಕಳಿಸಿದ ಮಳೆಗಾಲ

ಹೋದ ತಿಂಗಳು ಒಂದು ಮದುವೆಗೆಂದು ನಮ್ಮೂರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಸೂಲಿಬೆಲೆಯಿಂದ ನಂದಗುಡಿಯ ಕಡೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಂದುಕೊಳ್ಳಿ, ಸಾಕು. ಹೆಸರು ಬರೆದರೆ ನಾಳೆ ಯಾರು ಯಾರಿಗೆ ಓದಿ ಹೇಳುತ್ತಾರೋ, ಅದು ಯಾರ ಕಿವಿಗೆ ಹೇಗೆ ಬೀಳುತ್ತದೋ. ಬಸ್ಸಿಳಿದು ನಮ್ಮ ಕ್ರೈಸ್ತ ಸಭೆಯ ಕಟ್ಟಡಕ್ಕೆ ನಡೆಯುವಾಗ ಹಾಲಿನ ಡೈರಿಯ ಮುಂದೆಯೇ ಹಾದು ಹೋಗಬೇಕು. ಬಾಗಿಲು ಹಾಕಿತ್ತು. ಆದರೂ ವಾಸನೆ ಮೂಗಿಗೆ ಬಡಿಯಿತು. ಕ್ಯಾನು ತೊಳೆದ ಬಿಸಿನೀರು, ಹುಳಿ ಹಾಲು, ಫಿನಾಯಿಲು. ಎಷ್ಟೋ ವರ್ಷ ಆ ವಾಸನೆಯೊಳಗೇ ಇದ್ದವಳು ನಾನು, ಆಗ ಒಂದು ದಿನವೂ ಅದನ್ನು ಗಮನಿಸಿರಲಿಲ್ಲ. ಈಗ ನೆನಪಿಗೆ ಬಂದದ್ದು ಒಂದೇ ಒಂದು ಮಳೆಗಾಲ, ಮತ್ತು ರಾಹೇಲಳ ಮುಖ.

ಆ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಆರಕ್ಕೂ ಸಂಜೆ ಐದೂವರೆಗೂ ಊರಿನವರು ಕ್ಯಾನು, ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಿದ್ದರು. ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಮೆಷೀನಿಗೆ ಹಿಡಿದರೆ ಜಿಡ್ಡೆಷ್ಟು, ನೀರೆಷ್ಟು ಎಂದು ಅದು ಹೇಳುತ್ತಿತ್ತು. ಜಿಡ್ಡಿಗೆ ಊರಲ್ಲೆಲ್ಲ ಫ್ಯಾಟು ಎಂದೇ ಹೆಸರು. ಮೆಷೀನಿಗಿಂತ ಮುಂಚೆ ನಾನು ಮುಖ ನೋಡಿಯೇ ಹೇಳುತ್ತಿದ್ದೆ. ನೀರು ಬೆರೆಸಿದವನಿಗೆ ಅವತ್ತು ಮಾತು ಹೆಚ್ಚು. "ಏನಕ್ಕಾ, ಚೆನ್ನಾಗಿದ್ದೀರಾ? ಅತ್ತೆ ಹೆಂಗವ್ರೆ?" ಎಂದು ನಗುನಗುತ್ತಾ ಕೇಳಿದವರ ಹಾಲನ್ನು ನಾನು ಎರಡು ಸಲ ಪರೀಕ್ಷೆ ಮಾಡುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಸಿಐಡಿ ಎಸ್ತೇರಮ್ಮ ಎನ್ನುತ್ತಿದ್ದರು. ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು. ಒಮ್ಮೆ ಯಾರೋ ಹಸು ಕರು ಹಾಕಿದ ಖುಷಿಗೆ ಗಿಣ್ಣು ಮಾಡಿ ಮನೆಗೆ ತಂದರು. ಬಾಗಿಲಲ್ಲೇ ನಿಲ್ಲಿಸಿ, "ಇದನ್ನ ತಿಂದ್ಬಿಟ್ಟು ನಾಳೆ ನಿನ್ ಹಾಲಿಗೆ ಕಣ್ ಮುಚ್ಕೋಬೇಕಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿ, ಪಾತ್ರೆ ವಾಪಸ್ ಕಳಿಸಿದ್ದೆ. ಪರೀಕ್ಷೆಗೆ ತೆಗೆದ ಹಾಲಲ್ಲಿ ಒಂದು ತೊಟ್ಟೂ ಮನೆಗೆ ತಂದವಳಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವರು ನಾನು ಮತ್ತು ನಮ್ಮತ್ತೆ. ಹಸುವಿರಲಿಲ್ಲ. ಅಂಗಡಿಯಿಂದ ದಿನಕ್ಕೊಂದು ಪ್ಯಾಕೆಟ್ ಹಾಲು ತಂದು, ಇಬ್ಬರೂ ಅದರಲ್ಲೇ ಸುಧಾರಿಸುತ್ತಿದ್ದೆವು.

ಆ ವರ್ಷ ಊರಿಗೆ ಊರೇ ಗುಮಾನಿಯಲ್ಲಿತ್ತು. ಮೂರು ಕಾಲಿನ ಯಂತ್ರ ಹೊತ್ತು ಬಂದ ಯಾರೋ ನಾಲ್ಕು ಜನ ರಾಗಿ ಹೊಲಗಳ ಬದುವಿನ ಮೇಲೆ ನಿಂತು ಏನೇನೋ ಅಳೆದು ಹೋಗಿದ್ದರು. ಯಾರ ಜಮೀನು ಹೋಗುತ್ತದೆ, ಯಾರು ಯಾರ ಜೊತೆ ಒಳಗೊಳಗೇ ಮಾತಾಡಿದ್ದಾರೆ ಎಂಬುದೇ ಚಹಾ ಅಂಗಡಿಯ ಮಾತು. ಮಳೆಯೂ ಜೋರಾಗಿ ಸುರಿಯದೆ, ಬಿಟ್ಟೂ ಹೋಗದೆ, ದಿನವಿಡೀ ಜಿಟಿಜಿಟಿ ಅನ್ನುತ್ತಿತ್ತು. ಅಂಥ ಸಮಯದಲ್ಲೇ ನಮ್ಮ ಸಭೆಗೆ ಹೊಸ ಅಯ್ಯನವರು, ಅಂದರೆ ಪಾಸ್ಟರು, ಬಂದದ್ದು. ಇಪ್ಪತ್ತು ಮನೆಗಳ ಪುಟ್ಟ ಸಭೆ ನಮ್ಮದು, ತಗಡಿನ ಚಾವಣಿಯ ಒಂದೇ ದೊಡ್ಡ ಕೋಣೆ. ಅಯ್ಯನವರಿಗೆ ವಯಸ್ಸು ಮೂವತ್ತು ದಾಟಿರಲಿಲ್ಲ. ಬೈಕು, ಬೆನ್ನಿಗೊಂದು ಬ್ಯಾಗು, ಯಾವಾಗಲೂ ನಗು. ಇಷ್ಟು ನಗುವವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಶ್ರಾವಣ ಹಿಡಿದ ವಾರದಲ್ಲಿ ಅವರು ಆರಾಧನೆ ಮುಗಿದ ಮೇಲೆ ಒಂದು ಪಾಠ ಶುರು ಮಾಡಿದರು. ದೇವರು ಪ್ರತಿ ವಿಶ್ವಾಸಿಗೂ ಒಂದಲ್ಲ ಒಂದು ಆತ್ಮಿಕ ವರ ಕೊಟ್ಟಿರುತ್ತಾನೆ, ಅದು ಯಾವುದೆಂದು ಕಂಡುಕೊಂಡು ಬಾಳಿನಲ್ಲಿ ನಡೆಸಬೇಕು ಎನ್ನುವುದು ಪಾಠ. ಬೋಧಿಸುವುದು, ಸಂತೈಸುವುದು, ಉದಾರವಾಗಿ ಕೊಡುವುದು, ರೋಗ ಗುಣಪಡಿಸುವುದು, ಪ್ರವಾದನೆ ಎಂದು ಪಟ್ಟಿ ಉದ್ದವಿತ್ತು. ಕಂಡುಕೊಳ್ಳುವುದಕ್ಕೆ ಒಂದು ಜೆರಾಕ್ಸ್ ಹಾಳೆ. ಅದರಲ್ಲಿ ಪ್ರಶ್ನೆಗಳು, ಪಕ್ಕದಲ್ಲಿ ಗುರುತು ಹಾಕಲು ಮೂರು ಮನೆ: ಯಾವಾಗಲೂ, ಆಗಾಗ, ಅಪರೂಪ. ಇದೇನು ಮಕ್ಕಳ ಪರೀಕ್ಷೆಯೇ ಎಂದು ನಾನು ಮೂಗು ಮುರಿದೆ. ಆದರೆ ಒಂದು ಪ್ರಶ್ನೆ ಓದಿ ಪೆನ್ನು ತಾನಾಗಿಯೇ ಓಡಿತು. 'ಒಬ್ಬರು ಮಾತಾಡುವಾಗ ಅದರಲ್ಲಿ ಸುಳ್ಳಿದೆಯೆಂದು ನಿಮಗೆ ಹೊಳೆಯುವುದುಂಟೇ?' ಯಾವಾಗಲೂ. 'ಹೊಸಬರನ್ನು ನೋಡಿದ ಕೂಡಲೇ ಅವರ ಒಳಮನಸ್ಸು ನಿಮಗೆ ತಿಳಿಯುವುದೇ?' ಯಾವಾಗಲೂ.

ಮುಂದಿನ ಭಾನುವಾರ ಅಯ್ಯನವರು ನನ್ನ ಹಾಳೆ ಹಿಡಿದು, "ಎಸ್ತೇರಕ್ಕಾ, ನಿಮ್ಮದು ವಿವೇಚನೆಯ ವರ. ಸತ್ಯ ಯಾವುದು, ಮೋಸ ಯಾವುದು ಅಂತ ಗುರುತಿಸೋ ವರ. ಸಭೆಗೆ ಇದು ಬಹಳ ಬೇಕು," ಎಂದರು.

ನನ್ನ ಕಣ್ಣು ತುಂಬಿ ಬಂತು. ನಗಬೇಡಿ. ಹುಟ್ಟಿದಾಗಿನಿಂದ ನನ್ನ ಈ ಸ್ವಭಾವಕ್ಕೆ ಬೈಸಿಕೊಂಡವಳು ನಾನು. ಅಮ್ಮ ಬೈದಳು, ಗಂಡ ಬೈದ, ಅತ್ತೆಯಂತೂ "ನಿನ್ ಕಣ್ಣಿಗೆ ದೇವ್ರು ಬಂದ್ರೂ ಆಧಾರ್ ಕಾರ್ಡ್ ಕೇಳ್ತೀಯ" ಎಂದು ಹಂಗಿಸುತ್ತಿದ್ದರು. ಈಗ ಅದು ವರವಂತೆ! ದೇವರೇ ಕೊಟ್ಟದ್ದಂತೆ! ಅವತ್ತು ನಾನು ಮನೆಗೆ ನಡೆದದ್ದಲ್ಲ, ತೇಲಿಕೊಂಡು ಹೋದದ್ದು.

ರಾಹೇಲು ಎಂಬವಳು ಮಾತ್ರ ಅವತ್ತು ಖಾಲಿ ಹಾಳೆ ಕೊಟ್ಟಿದ್ದಳು. ಮುಳಬಾಗಿಲ ಕಡೆಯಿಂದ ಮದುವೆಯಾಗಿ ಬಂದವಳು, ತೆಲುಗು ಬೆರೆತ ಕನ್ನಡ. ಗಂಡ ತೀರಿಹೋಗಿ ಐದು ವರ್ಷ. ಮಗಳು ಹೊಸಕೋಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಒಂದು ಸೀಮೆ ಹಸು, ಅದರ ಹಾಲೇ ಆ ಮನೆಯ ಒಲೆ. ಶನಿವಾರ ಸಭೆಯ ನೆಲ ಒರೆಸಿ ಚಾಪೆ ಹಾಸುವವಳೂ ಅವಳೇ. ಅಯ್ಯನವರು ಕೇಳಿದ್ದಕ್ಕೆ, "ನನ್ಗೇನೂ ಲೇದಯ್ಯಾ. ನನ್ಗ್ಯಾವ ವರಾನೂ ಕಾಣಿಸ್ಲಿಲ್ಲ," ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಲ್ಲರೂ ಏನಾದರೊಂದು ಗುರುತು ಹಾಕಿದ್ದಾರೆ, ಇವಳೊಬ್ಬಳು ಯಾಕೆ ಏನನ್ನೂ ಬಿಟ್ಟುಕೊಡುವುದಿಲ್ಲ? ಹೊಸದಾಗಿ ಸಿಕ್ಕ ನನ್ನ ವರ ಅಲ್ಲೇ ತಲೆಯೆತ್ತಿತು.

ಆ ವರ ನಿಜವೆಂದು ಊರಿಗೇ ತೋರಿಸುವ ಸಂದರ್ಭವೂ ಬಂತು. ಬೆಂಗಳೂರಿನಿಂದ ಒಬ್ಬ ಬೋಧಕರು ಬರುವವರಿದ್ದರು. ನೋಡದ ಜನರ ಕಷ್ಟವನ್ನೆಲ್ಲ ಆತ್ಮದಲ್ಲಿ ಕಂಡು ಹೇಳುತ್ತಾರಂತೆ. ಅವರು ಬರುವ ಒಂದು ವಾರ ಮೊದಲೇ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಹೊಸ ನಂಬರ್ ಸೇರಿಕೊಂಡಿದ್ದನ್ನು ನಾನು ನೋಡಿದ್ದೆ. ಸುಮ್ಮನಿರುತ್ತೇನೆಯೇ? 'ನನ್ನ ಎಡ ಮಂಡಿ ಬಹಳ ನೋವು, ಪ್ರಾರ್ಥಿಸಿ' ಎಂದು ಅದರಲ್ಲಿ ಹಾಕಿದೆ. ನನ್ನ ಎರಡು ಮಂಡಿಯೂ ಕಲ್ಲಿನ ಹಾಗಿದ್ದವು. ಭಾನುವಾರ ಆತ ಕಣ್ಣು ಮುಚ್ಚಿ, ಕೈ ಮೇಲೆತ್ತಿ, "ಇಲ್ಲಿ ಒಬ್ಬ ಸಹೋದರಿ ಇದ್ದಾರೆ... ಎಡ ಮಂಡಿ..." ಎಂದರು. ನಾನು ಎದ್ದು ನಿಂತೆ. "ನಾನೇ ಸ್ವಾಮಿ. ನೋವೇನೂ ಇಲ್ಲ, ಗುಂಪಲ್ಲಿ ಸುಳ್ಳು ಹಾಕಿದ್ದೆ," ಎಂದೆ. ಆತನ ಕೈ ಮೇಲೆಯೇ ಉಳಿಯಿತು. ಊಟಕ್ಕೂ ನಿಲ್ಲದೆ ಕಾರು ಹತ್ತಿದರು. ಪಾಪ, ಅಯ್ಯನವರಿಗೂ ವಿಷಯ ಗೊತ್ತಿರಲಿಲ್ಲ. ಅವರ ಮುಖ ಬಾಡಿಹೋಗಿತ್ತು. ಪ್ರಾರ್ಥನೆಯಲ್ಲಿ ನಾನೂ ಸುಳ್ಳು ಹೇಳಿದೆನಲ್ಲ ಎಂಬುದು ನನಗೆ ಅವತ್ತು ಹೊಳೆಯಲೇ ಇಲ್ಲ. ಎಲ್ಲರೂ ಬಂದು ಕೈ ಹಿಡಿದು, "ಒಳ್ಳೇ ಕೆಲ್ಸ ಮಾಡ್ದೆ ಬಿಡಕ್ಕಾ," ಎಂದರು. ಅಷ್ಟು ಸಾಕಿತ್ತು ನನಗೆ.

ಅದೇ ದಿನಗಳಲ್ಲಿ ಇನ್ನೊಂದು ಸೋಜಿಗ. ಬೇಸಿಗೆಯಿಂದ ಒಣಗಿ ಕಡ್ಡಿಯಾಗಿದ್ದ ಅತ್ತೆ ಚೇತರಿಸಿಕೊಳ್ಳತೊಡಗಿದರು. ಎಂಬತ್ತು ದಾಟಿದ ಜೀವ, ಬಾಯಲ್ಲಿ ಹಲ್ಲಿಲ್ಲ, ರಾಗಿ ಅಂಬಲಿ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಈಗ ಕೆನ್ನೆ ತುಂಬಿತು, ಜಗಲಿಯ ತನಕ ತಾವೇ ನಡೆದು ಬಂದು ಕೂರುತ್ತಿದ್ದರು. ಪ್ರತಿ ಸಂಜೆ ನಾನು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆ. ಹಾಗಾದರೆ ಗುಣಪಡಿಸುವ ವರವೂ ನನಗಿದೆಯೋ ಏನೋ ಎಂದು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಆದರೆ ಅನ್ನಿಸಿದ್ದಂತೂ ನಿಜ.

ರಾಹೇಲಳ ಬೆಳಗಿನ ಹಾಲಿನಲ್ಲಿ ಫ್ಯಾಟು ಇಳಿದದ್ದು ಆಗಲೇ. ಮೊದಲ ದಿನ ಮೆಷೀನಿನ ತಪ್ಪೇನೋ ಎಂದು ಇನ್ನೊಮ್ಮೆ ಹಿಡಿದೆ. ಅಷ್ಟೇ ಬಂತು. ನೀರಿರಲಿಲ್ಲ, ಜಿಡ್ಡು ಮಾತ್ರ ಇಲ್ಲ. ಸಂಜೆಯ ಹಾಲು ನೋಡಿದರೆ ಎಂದಿನಂತೆ ಚೆನ್ನಾಗಿದೆ. ಅವಳ ಹಸುವಿನ ಕರುವನ್ನು ಯುಗಾದಿಗೆ ಮುಂಚೆಯೇ ಕೊಟ್ಟುಬಿಟ್ಟಿದ್ದಳು, ಕರು ಕುಡಿಯಿತು ಎನ್ನುವಂತೆಯೂ ಇಲ್ಲ. ಲೆಕ್ಕ ನನಗೆ ಸಿಕ್ಕಿಬಿಟ್ಟಿತು: ರಾತ್ರಿ ಒಂದಷ್ಟು ಹಾಲು ಉಳಿಸಿಕೊಂಡು, ಕೆನೆ ತೆಗೆದು, ಬೆಳಿಗ್ಗೆಯ ಹಾಲಿಗೆ ಬೆರೆಸಿ ತರುತ್ತಾಳೆ.

"ಏನ್ ರಾಹೇಲು, ಕೆನೆ ತೆಗೀತಿದ್ದೀಯಾ?" ಎಂದು ಸಾಲಿನಲ್ಲಿ ಎಲ್ಲರ ಮುಂದೆಯೇ ಕೇಳಿದೆ.

"ಅಯ್ಯೋ ಲೇದಕ್ಕಾ. ಆಣೆಗೂ ಇಲ್ಲ."

"ಮತ್ತೆ ಜಿಡ್ಡು ಎಲ್ಲಿಗೋಯ್ತು? ಹಾರೋಯ್ತಾ?"

ಅವಳು ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು. ನೆಲ ನೋಡಿದಳು. ನೆಲ ನೋಡುವವರು ಕಳ್ಳರು ಎಂಬುದು ನನ್ನ ಅನುಭವ. ಹಾಲು ವಾಪಸ್ ಕಳಿಸಿದೆ. ಆಮೇಲೆ ಮೂರು ದಿನ ಜಿಡ್ಡು ಕಡಿಮೆಯಿದ್ದರೂ ಮಿತಿಯೊಳಗಿತ್ತು, ನಾಲ್ಕನೆಯ ದಿನ ಮತ್ತೆ ಹಾಗೇ ಆಯಿತು, ಮತ್ತೆ ವಾಪಸ್. ನಮ್ಮ ಹಾಲಿನ ಸಂಘದಲ್ಲಿ ಮೂರು ಸಲ ಹಾಲು ವಾಪಸಾದರೆ ಒಂದು ತಿಂಗಳು ಡೈರಿಗೆ ಹಾಲು ಹಾಕುವಂತಿಲ್ಲ. ಎರಡನೆಯ ಸಲ ನಾನೇ ಅದನ್ನು ಅವಳಿಗೆ ನೆನಪಿಸಿದೆ. "ಒಂದೇ ಹಸು ಐತಕ್ಕಾ ನನ್ಗೆ. ಮಗಳ ಫೀಸು ಕಟ್ಬೇಕು," ಎಂದು ಮೆಲ್ಲಗೆ ಅಂದಳು. "ಹಂಗಾದ್ರೆ ನೆಟ್ಗೆ ಹಾಲು ತಾ," ಎಂದೆ. ಮೂರನೆಯ ಸಲವೂ ಜಿಡ್ಡಿಲ್ಲದ ಹಾಲೇ ಬಂತು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ. ತಪ್ಪು ಗೊತ್ತಿದ್ದೂ ಮೂರು ಸಲ ಮಾಡುತ್ತಾಳೆಂದರೆ ಎಂಥ ಗಟ್ಟಿ ಹೆಂಗಸು ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಡೈರಿಯ ವಿಷಯವಾಗಿ ಉಳಿಯುತ್ತಿತ್ತು. ಆದರೆ ಆ ಭಾನುವಾರ ಅಯ್ಯನವರು, ಪ್ರತಿಯೊಬ್ಬರೂ ತಮ್ಮ ವರವನ್ನು ಹೇಗೆ ಬಳಸುತ್ತಿದ್ದಾರೆಂದು ಸಾಕ್ಷಿ ಹೇಳಬೇಕು ಎಂದರು. ಒಬ್ಬರು ಆಸ್ಪತ್ರೆಗೆ ಹೋಗಿ ಬಂದೆ ಎಂದರು, ಒಬ್ಬರು ಮಕ್ಕಳಿಗೆ ಪಾಠ ಹೇಳಿದೆ ಎಂದರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, "ಈ ಸಭೇಲಿ ಕೂತಿರೋರೊಬ್ರು ಬೆಳಿಗ್ಗೆ ಕೆನೆ ತೆಗ್ದು ಮೋಸ ಮಾಡಿ, ಶನಿವಾರ ಬಂದು ದೇವರ ಮನೆ ನೆಲ ಒರೆಸ್ತಾರೆ. ಒರೆಸ್ಬೇಕಾದ್ದು ನೆಲ ಅಲ್ಲ," ಎಂದೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರ ಕುತ್ತಿಗೆಯೂ ಒಂದೇ ಕಡೆ ತಿರುಗಿತು. ರಾಹೇಲು ಎದ್ದಳು. ತಾನು ಕೂತಿದ್ದ ಚಾಪೆಯ ಮಡಿಕೆ ಸರಿಮಾಡಿ, ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು, ಮಳೆಯಲ್ಲಿ ಹೊರಟುಹೋದಳು.

ಅಯ್ಯನವರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಅವತ್ತು ನಗುತ್ತಿರಲಿಲ್ಲ. "ಅಕ್ಕಾ, ಮೊದ್ಲು ಅವ್ರ ಮನೆಗೋಗಿ ಒಂದ್ ಮಾತು ಕೇಳ್ಬೋದಿತ್ತಲ್ವಾ?"

"ಕೇಳೋದೇನೈತೆ ಅಯ್ಯಾ? ಮೆಷೀನು ಹೇಳ್ತದೆ."

"ಮೆಷೀನು ಜಿಡ್ಡಿಲ್ಲ ಅಂದ್ರೆ ಜಿಡ್ಡಿಲ್ಲ ಅಷ್ಟೇ ಅಕ್ಕಾ. ಕಳ್ಳಿ ಅಂತ ಹೇಳಿದ್ದು ನೀವು."

ನನಗೆ ಮೈಯೆಲ್ಲ ಉರಿಯಿತು. ಇವರಿಗೂ ಆ ಮನೆಯಿಂದ ಮಜ್ಜಿಗೆ ಹೋಗುತ್ತಿರಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ದಾರಿಯುದ್ದಕ್ಕೂ ಅವರ ಬೈಕು ಯಾವ್ಯಾವಾಗ ರಾಹೇಲಳ ಬೀದಿಯಲ್ಲಿ ನಿಂತಿತ್ತು ಎಂದು ನೆನಪು ಮಾಡಿಕೊಳ್ಳುತ್ತಲೇ ಬಂದೆ. ಮನೆಯಲ್ಲಿ ಅತ್ತೆಗೆ ವಿಷಯ ಹೇಳಲಿಲ್ಲ. ಅವರ ಕಿವಿ ಮಂದ, ಕೂಗಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಡೈರಿಗೆ ಹೋದವಳು ಕನ್ನಡಕ ಮರೆತಿದ್ದೆ. ಸಾಲು ಶುರುವಾಗುವ ಮುಂಚೆ ತರೋಣವೆಂದು ಮನೆಗೆ ವಾಪಸ್ ಓಡಿದೆ. ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಗೋಡೆಗೆ ಒರಗಿ ಕೂತಿದ್ದಾರೆ. ಎದುರಿಗೆ ಕುಕ್ಕರಗಾಲಲ್ಲಿ ರಾಹೇಲು. ಒಂದು ಸೊಂಬು ಹಿಡಿದು, ಅಂಬಲಿ ಬಟ್ಟಲಿಗೆ ಹಾಲು ಬಗ್ಗಿಸುತ್ತಿದ್ದಾಳೆ.

ನನ್ನ ತಲೆಯಲ್ಲಿ ಮೊದಲು ಬಂದ ಮಾತು ಏನೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಲಂಚ. ಅದೇ ಬಂದದ್ದು. "ಓಹೋ! ಮುದುಕೀನ ಹಿಡ್ಕೊಂಡು ನನ್ನ ಬಗ್ಗಿಸ್ಬೋದು ಅಂತ ಬಂದ್ಯಾ?" ಎಂದು ಕೂಗಿ ಸೊಂಬು ಕಿತ್ತುಕೊಂಡೆ. ಕೆಲಸದ ಅಭ್ಯಾಸ ನೋಡಿ, ಕೂಗುತ್ತಿರುವಾಗಲೇ ನನ್ನ ಬೆರಳು ಹಾಲಿಗೆ ಇಳಿದಿತ್ತು. ಬೆರಳೆತ್ತಿದರೆ ಹಾಲು ಜಾರಲಿಲ್ಲ, ಅಂಟಿ ನಿಂತಿತು. ಇನ್ನೂ ಬಿಸಿ ಇತ್ತು. ಕೆನೆಯಲ್ಲ, ಬೆರಕೆಯಲ್ಲ. ಕಡೆಹಾಲು.

ಹಸು ಕರೆದವರಿಗೆಲ್ಲ ಗೊತ್ತು: ಮೊದಲು ಇಳಿಯುವ ಹಾಲು ತೆಳು, ಕೆಚ್ಚಲು ಬರಿದಾಗುವಾಗ ಕಡೆಯಲ್ಲಿ ಬರುವ ಅರ್ಧ ಸೇರು ಹಾಲಿನಲ್ಲೇ ಜಿಡ್ಡೆಲ್ಲ ಇರುತ್ತದೆ. ಆ ಹಾಲನ್ನು ಬೇರೆ ಪಾತ್ರೆಗೆ ಕರೆದುಕೊಂಡು, ಉಳಿದದ್ದನ್ನು ಡೈರಿಗೆ ತಂದರೆ ಫ್ಯಾಟು ಇಳಿಯದೆ ಇನ್ನೇನು? ಇದು ನನಗೆ ತಿಳಿಯದ ವಿಷಯವೇ? ಆ ಊರಿನಲ್ಲಿ ನನ್ನಷ್ಟು ಹಾಲು ನೋಡಿದವರೇ ಇರಲಿಲ್ಲ. ಒಂದು ಸಲವೂ ಇದು ತಲೆಗೆ ಬರಲಿಲ್ಲವಲ್ಲ! ಕೂಗು ಅರ್ಧಕ್ಕೇ ನಿಂತಿತು.

"ಯಾಕೇ ಅವ್ಳ್ ಮೇಲೆ ಹಾರಾಡ್ತೀಯ?" ಅತ್ತೆ ಬಟ್ಟಲು ಎದೆಗವಚಿಕೊಂಡು ಗದರಿದರು. "ನಾನೇ ಕೇಳಿದ್ದು ಕಣೇ. ನಿನ್ ಪ್ಯಾಕೆಟ್ ಹಾಲು ಗಂಟ್ಲಲ್ಲಿ ಇಳೀದು, ಸುಣ್ಣದ್ ನೀರು ಕುಡ್ದಂಗೆ ಆಯ್ತದೆ. ಸಾಯೋ ಮುಂಚೆ ಒಂದಿಷ್ಟು ಗಟ್ಟಿ ಹಾಲು ಕುಡೀಬೇಕು ಅನ್ಸ್ತು. ನಿನ್ಗೆ ಹೇಳಿದ್ರೆ ಲಂಚ ಅಂತೀಯ. ಅದ್ಕೇ ಅವ್ಳ ಕೈಲಿ ಆಣೆ ಹಾಕಿಸ್ಕೊಂಡೆ, ನಮ್ ಸೊಸೆ ಹತ್ರ ಬಾಯಿ ಬಿಡ್ಬೇಡ ಅಂತ."

ರಾಹೇಲು ಎದ್ದು ಗೋಡೆಯ ಪಕ್ಕ ನಿಂತಿದ್ದಳು. ಸೀರೆಯ ಅಂಚು ಮೊಣಕಾಲ ತನಕ ಒದ್ದೆ. ಡೈರಿಗೆ ಹಾಲು ಹಾಕುವುದು ನಿಂತ ಮೇಲೆ ಅವಳು ಪಕ್ಕದೂರಿನ ಖಾಸಗಿ ಹಾಲಿನವನಿಗೆ ಹಾಲು ಕೊಟ್ಟು ಬರಲು ಎರಡು ಮೈಲಿ ನಡೆಯಬೇಕಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲೇ ಇಲ್ಲಿಗೆ ಬಂದಿದ್ದಳು. ನಾನು ಕೇಳಿದ್ದು ಇಷ್ಟು: "ಭಾನುವಾರ ನಾನು ಅಷ್ಟು ಅಂದ ಮೇಲೂ ಹೆಂಗ್ ಬಂದ್ಯೇ ನಮ್ಮನೆಗೆ?"

"ಅಜ್ಜಿ ಏನ್ ಮಾಡಿದ್ರಕ್ಕಾ?" ಎಂದಳು. ಅಷ್ಟೇ. ಕ್ಯಾನು ಎತ್ತಿಕೊಂಡು ಹೊರಟಳು.

ಅವತ್ತೇ ಸಂಘದವರಿಗೆ ಹೇಳಿ ಅವಳ ಹೆಸರಿನ ಕೆಂಪು ಗೆರೆ ತೆಗೆಸಿದೆ. ಸಾಲಿನಲ್ಲಿ ನಿಂತವರೆಲ್ಲರಿಗೂ, ತಪ್ಪು ನನ್ನದು ಎಂದು ಹೇಳಿದೆ. ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ಬೋಧಕರನ್ನು ಹಿಡಿದ ದಿನ ಎಷ್ಟು ಗಟ್ಟಿಯಾಗಿ ಮಾತಾಡಿದ್ದೆನೋ ಅಷ್ಟೇ ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದೆ. ಆದರೆ ನಡುನಡುವೆ ಅತ್ತು, ಹೇಗೋ ಮುಗಿಸಿದೆ. ಕೇಳಬೇಕಾದವಳು ಅಲ್ಲಿರಲಿಲ್ಲ. ಅಯ್ಯನವರು ನನಗಾಗಿ ಪ್ರಾರ್ಥಿಸಿದರು. ಅವರ ಬೈಕಿನ ವಿಷಯವಾಗಿ ನಾನು ಅಂದುಕೊಂಡದ್ದನ್ನು ಮಾತ್ರ ಅವರಿಗೆ ಹೇಳಲಾಗಲಿಲ್ಲ. ಅವರು ವರ್ಗವಾಗಿ ಹೋಗುವವರೆಗೂ ಹೇಳಲಿಲ್ಲ.

ಆರಾಧನೆ ಮುಗಿದ ಮೇಲೆ ರಾಹೇಲಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನನ್ನನ್ನು ಕಂಡು ಕೈ ತೊಳೆದು, ಸ್ಟೂಲು ತಂದು ಹಾಕಿದಳು. ನಾನು ಕೂರಲಿಲ್ಲ.

"ಕ್ಷಮಿಸ್ಬಿಡೇ ರಾಹೇಲು. ನಾಳೆಯಿಂದ ಡೈರಿಗೆ ಹಾಲು ತಾ. ಸಭೆಗೂ ಬಾ."

"ಸಭೆಗೆ ಬರ್ತೀನಕ್ಕಾ. ಅದು ನಿಮ್ದಲ್ವಲ್ಲಾ," ಎಂದಳು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ ಹಾಗೆ ಹೇಳಿದಳು. "ಕ್ಷಮಿಸೋದು ನಾನು ಅವತ್ತೇ ಕ್ಷಮಿಸಿದೀನಿ, ದೇವರ ಮುಂದೆ ಅಳ್ತಾ ಅಳ್ತಾ. ಆದ್ರೆ ಡೈರಿಗೆ ಹಾಲು ಹಾಕೋಕೆ ಬರಲ್ಲ. ಆ ಸಾಲಲ್ಲಿ ನಿಂತು ನಿಮ್ ಮುಖ ನೋಡೋಕೆ ನನ್ ಕೈಲಾಗಲ್ಲಕ್ಕಾ. ಬಲವಂತ ಮಾಡ್ಬೇಡಿ."

"ಎರಡು ಮೈಲಿ ನಡೀಬೇಕಲ್ಲೇ ದಿನಾ?"

"ನಡೀತೀನಿ."

ಅವಳು ಅಂದ ಹಾಗೆಯೇ ನಡೆದಳು. ನಾನು ಆ ಕೆಲಸದಲ್ಲಿ ಇದ್ದಷ್ಟು ದಿನವೂ ಅವಳು ಡೈರಿಯ ಮೆಟ್ಟಿಲು ಹತ್ತಲಿಲ್ಲ. ಮಳೆಯಾಗಲಿ ಚಳಿಯಾಗಲಿ, ಕ್ಯಾನು ಸೊಂಟಕ್ಕಿಟ್ಟುಕೊಂಡು ನನ್ನ ಬಾಗಿಲ ಮುಂದೆಯೇ ಹಾದು ಪಕ್ಕದೂರಿಗೆ ಹೋಗುತ್ತಿದ್ದಳು. ಸಭೆಯಲ್ಲಿ ಎದುರಾದರೆ "ಸ್ತೋತ್ರ ಅಕ್ಕಾ" ಎನ್ನುತ್ತಿದ್ದಳು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಅತ್ತೆ ಅದಾದ ಮೇಲೆ ಒಂದೂವರೆ ವರ್ಷ ಬದುಕಿದರು. ಹಸು ಬತ್ತಿದ ದಿನಗಳು ಬಿಟ್ಟರೆ, ಅಷ್ಟು ದಿನವೂ ಬೆಳಿಗ್ಗೆ ಕಡೆಹಾಲಿನ ಸೊಂಬು ನಮ್ಮ ಮನೆಗೆ ಬಂತು, ಒಂದು ದಿನ ತಪ್ಪದೆ. ನಾನು ಡೈರಿಯಿಂದ ಬರುವಷ್ಟರಲ್ಲಿ ಅತ್ತೆ ಕುಡಿದು ಉಳಿಸಿದ್ದು ಒಲೆಯ ಪಕ್ಕ ಮುಚ್ಚಿಟ್ಟಿರುತ್ತಿತ್ತು.

ಆ ಹಾಲಿಗೆ ಮತ್ತೆಂದೂ ನಾನು ಬೆರಳು ಅದ್ದಲಿಲ್ಲ ಎಂದು ಬರೆಯಬೇಕೆಂದು ಬಹಳ ಆಸೆ. ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಅದ್ದಿದೆ. ಎರಡು ಸಲವೂ ಗಟ್ಟಿಯಾಗಿತ್ತು.